ಒಂದೇ ಕೈ, ಹಲವು ಕಾಲು

ಆದವಾನಿ ಪಟ್ಟಣವು ಹತ್ತಿಯ ವ್ಯಾಪಾರಕ್ಕೆ ಹೆಸರಾಗಿದೆ. ಸುತ್ತಲಿನ ಆಲೂರು, ಕೋಸಿಗಿ, ಕೌತಾಳಂ, ಹೊಳಗುಂದ, ಎಮ್ಮಿಗನೂರು ಕಡೆಯ ಹಳ್ಳಿಗಳಲ್ಲಿ ರೈತರು ಹತ್ತಿ, ಜೋಳ, ಶೇಂಗಾ ಬೆಳೆಯುತ್ತಾರೆ. ಇಂದು ಹತ್ತಿಯ ಮೂಟೆಗಳು ಹೆಚ್ಚಾಗಿ ಟ್ರ್ಯಾಕ್ಟರು, ಲಾರಿಗಳಲ್ಲಿ ಮಾರುಕಟ್ಟೆಗೆ ಬರುತ್ತವೆ. ಲಾರಿಗಳು ಇಲ್ಲದ ಕಾಲದಲ್ಲಿ ಅವನ್ನು ತಂದದ್ದು ಎತ್ತಿನ ಬಂಡಿಗಳು. ನಮ್ಮ ಕಡೆಯ ಪಟ್ಟಣಗಳಲ್ಲಿ ಜನರನ್ನು ಕರೆದೊಯ್ಯುತ್ತಿದ್ದುದು ಕುದುರೆ ಕಟ್ಟಿದ ಜಟಕಾ ಬಂಡಿಗಳು. ಬಟ್ಟೆಯ ಗಂಟನ್ನು ಹೊಳೆಗೆ ಹೊತ್ತು ತರುತ್ತಿದ್ದುದು ಕತ್ತೆ. ಇಂದಿಗೂ ಹೊಲಗಳಲ್ಲಿ ಎತ್ತುಗಳು ಕುಂಟೆ ಎಳೆಯುತ್ತವೆ. ಕುರಿ ಮೇಕೆಗಳ ಹಿಂಡುಗಳು ಮೇವು ಹುಡುಕುತ್ತ ದಿನವಿಡೀ ನಡೆಯುತ್ತವೆ.

ಈ ಪ್ರಾಣಿಗಳೆಲ್ಲ ನಮಗಾಗಿ ದುಡಿಯುವುದು ಕಾಲುಗಳಿಂದ. ಎತ್ತು ಕುಂಟಿದರೆ ಹೊಲದ ಕೆಲಸ ನಿಲ್ಲುತ್ತದೆ. ಕುದುರೆ ಕುಂಟಿದರೆ ಬಂಡಿ ನಿಲ್ಲುತ್ತದೆ. ಮನೆಯವರ ಸಂಪಾದನೆಯೂ ನಿಲ್ಲುತ್ತದೆ. ಆದುದರಿಂದ ಅವುಗಳ ಕಾಲು ಹೇಗಿದೆ ಎಂದು ತಿಳಿಯುವುದು ಅಗತ್ಯ. ಈ ಪಾಠದಲ್ಲಿ ಮುಂಗಾಲಿನ ಮೂಳೆಗಳನ್ನು ಕುರಿತು ತಿಳಿಯೋಣ. ಮಕ್ಕಳೇ, ಅದಕ್ಕೆ ಬೇಕಾದ ಮೊದಲ ಸಾಧನ ನಿಮ್ಮ ಬಳಿಯೇ ಇದೆ. ಅದು ನಿಮ್ಮ ಕೈ.

ನಮ್ಮ ಕೈಯ ಮೂಳೆಗಳು

ನಿಮ್ಮ ಎಡಗೈಯನ್ನು ಚಾಚಿರಿ. ಬಲಗೈಯಿಂದ ಮೇಲಿನಿಂದ ಕೆಳಗೆ ಮುಟ್ಟುತ್ತ ಬನ್ನಿರಿ. ಬೆನ್ನಿನ ಮೇಲ್ಭಾಗದಲ್ಲಿ ಹಲಗೆಯಂತಹ ಒಂದು ಮೂಳೆ ಇದೆ. ಇದು ಹೆಗಲ ಹಲಗೆ. ಹೆಗಲಿನಿಂದ ಮೊಣಕೈವರೆಗೆ ಒಂದೇ ಮೂಳೆ ಇದೆ. ಇದು ಮೇಲ್ತೋಳಿನ ಮೂಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆಗಳಿವೆ. ಇವು ಮುಂದೋಳಿನ ಮೂಳೆಗಳು. ಮಣಿಕಟ್ಟಿನಲ್ಲಿ ಕಲ್ಲಿನ ಹರಳುಗಳಂತಹ 8 ಸಣ್ಣ ಮೂಳೆಗಳಿವೆ. ಅಂಗೈಯಲ್ಲಿ 5 ಮೂಳೆಗಳಿವೆ. ಹೆಬ್ಬೆರಳಿನಲ್ಲಿ 2, ಉಳಿದ ಒಂದೊಂದು ಬೆರಳಿನಲ್ಲಿ 3 ಮೂಳೆಗಳಂತೆ ಬೆರಳುಗಳಲ್ಲಿ ಒಟ್ಟು 14 ಮೂಳೆಗಳಿವೆ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಕೂಡಿಸಿದರೆ 27 ಆಗುತ್ತದೆ.

ಈಗ ಅಂಗೈಯನ್ನು ಮೇಲೆ ಮಾಡಿ, ಮತ್ತೆ ಕೆಳಗೆ ಮಾಡಿರಿ. ಹಾಗೆ ತಿರುಗಿಸುವಾಗ ಮುಂದೋಳಿನ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಮೇಲೆ ಅಡ್ಡ ಬರುತ್ತದೆ. ಎರಡು ಮೂಳೆಗಳು ಬೇರೆ ಬೇರೆ ಇರುವುದರಿಂದಲೇ ನಾವು ಬೀಗದ ಕೈ ತಿರುಗಿಸಬಲ್ಲೆವು, ರೊಟ್ಟಿ ತಟ್ಟಬಲ್ಲೆವು, ಬಿಂದಿಗೆಯಿಂದ ನೀರು ಬಗ್ಗಿಸಬಲ್ಲೆವು.

ಹೆಗಲ ಹಲಗೆ, ಮೇಲ್ತೋಳು, ಮುಂದೋಳು, ಮಣಿಕಟ್ಟು, ಅಂಗೈ, ಬೆರಳು. ಈ ಆರು ಹೆಸರುಗಳನ್ನು ನೆನಪಿನಲ್ಲಿ ಇಡಿರಿ. ಕುದುರೆ, ಎತ್ತು, ಕುರಿ, ಹಂದಿ, ನಾಯಿ, ಬೆಕ್ಕು ಎಲ್ಲವುಗಳ ಮುಂಗಾಲಿನಲ್ಲಿಯೂ ಈ ಆರು ಭಾಗಗಳು ಇದೇ ಸಾಲಿನಲ್ಲಿ ಇವೆ. ಸಾಲು ಒಂದೇ. ಮೂಳೆಗಳ ಉದ್ದ, ದಪ್ಪ ಮತ್ತು ಸಂಖ್ಯೆ ಮಾತ್ರ ಬೇರೆ.

ಕುದುರೆಯ ಮೊಣಕಾಲು ಮೊಣಕಾಲಲ್ಲ

ಕುದುರೆಯ ಮುಂಗಾಲಿನ ನಡುವೆ ಒಂದು ಗಂಟು ಕಾಣುತ್ತದೆ. ಅದನ್ನು ಎಲ್ಲರೂ ಮೊಣಕಾಲು ಎನ್ನುತ್ತಾರೆ. ಆದರೆ ಮೂಳೆಗಳ ಸಾಲನ್ನು ಹಿಡಿದು ಎಣಿಸಿದರೆ ಬೇರೆಯೇ ಸಂಗತಿ ತಿಳಿಯುತ್ತದೆ.

ಕುದುರೆಯ ಹೆಗಲ ಹಲಗೆ ಎದೆಯ ಪಕ್ಕದಲ್ಲಿ ಚರ್ಮದ ಒಳಗೆ ಇದೆ. ಮೇಲ್ತೋಳಿನ ಮೂಳೆ ಗಿಡ್ಡವಾಗಿದ್ದು ಅದೂ ಮೈಯ ಮಾಂಸದಲ್ಲಿ ಅಡಗಿದೆ. ಮೊಣಕೈ ಹೊಟ್ಟೆಯ ಬಳಿ, ಎದೆಗೆ ತಾಗಿಕೊಂಡಂತೆ ಇದೆ. ಅಲ್ಲಿಂದ ಕೆಳಗೆ ಉದ್ದವಾಗಿ ಇಳಿಯುವುದು ಮುಂದೋಳು. ಹಾಗಾದರೆ ಅದರ ಕೆಳಗಿನ ಗಂಟು ಯಾವುದು? ಅದು ಮಣಿಕಟ್ಟು! ಅದರಲ್ಲಿ ಸಾಮಾನ್ಯವಾಗಿ 7 ಸಣ್ಣ ಮೂಳೆಗಳು ಎರಡು ಸಾಲಾಗಿ ಜೋಡಿಸಿಕೊಂಡಿವೆ. ನಾವು ಮೊಣಕಾಲು ಎನ್ನುವುದು ಕುದುರೆಯ ಮಣಿಕಟ್ಟು.

ಮಣಿಕಟ್ಟಿನ ಕೆಳಗೆ ನೇರವಾದ, ಗಟ್ಟಿಯಾದ ಒಂದು ಉದ್ದನೆಯ ಮೂಳೆ ಇದೆ. ಅದು ಅಂಗೈ ಮೂಳೆ. ನಮ್ಮಲ್ಲಿ 5 ಇರುವ ಕಡೆ ಕುದುರೆಯಲ್ಲಿ ಒಂದೇ ದೊಡ್ಡ ಮೂಳೆ. ಅದರ ಎರಡು ಪಕ್ಕಗಳಲ್ಲಿ ಕಡ್ಡಿಯಂತಹ ಎರಡು ಸಣ್ಣ ಮೂಳೆಗಳು ಅಂಟಿಕೊಂಡಿವೆ. ಅವು ತೋರುಬೆರಳು ಮತ್ತು ಉಂಗುರಬೆರಳಿಗೆ ಸೇರಿದ ಅಂಗೈ ಮೂಳೆಗಳ ಉಳಿಕೆ. ಅವುಗಳಿಗೆ ಬೆರಳಿಲ್ಲ. ಕೆಳಗೆ ಇರುವುದು ಒಂದೇ ಬೆರಳು. ಅದು ನಡುಬೆರಳು. ಅದರಲ್ಲಿ ನಮ್ಮ ನಡುಬೆರಳಿನಂತೆಯೇ ಮೂರು ಮೂಳೆಗಳಿವೆ. ಕೊನೆಯ ಮೂಳೆಯನ್ನು ಗೊರಸು ಸುತ್ತುವರಿದಿದೆ. ಗೊರಸು ಎಂದರೆ ಉಗುರು. ಎರಡೂ ಒಂದೇ ಬಗೆಯ ವಸ್ತುವಿನಿಂದ ಆಗಿವೆ.

ಕುದುರೆ ನಡುಬೆರಳಿನ ತುದಿಯ ಮೇಲೆ ನಿಂತಿದೆ! ನಾಲ್ಕು ಕಾಲಿಗೆ ನಾಲ್ಕೇ ಬೆರಳು. ಕತ್ತೆಯ ಕಾಲೂ ಹೀಗೆಯೇ ಇದೆ. ಅದರ ಗೊರಸು ಕುದುರೆಯದಕ್ಕಿಂತ ಕಿರಿದು, ಅಷ್ಟೆ.

ಒಂದೇ ಬೆರಳಿನ ಲಾಭವೇನು?

ಒಂದು ಕೋಲಿನ ತುದಿಗೆ ಕಲ್ಲು ಕಟ್ಟಿ ಬೀಸಿ ನೋಡಿರಿ. ಕೈಗೆ ಭಾರವಾಗುತ್ತದೆ. ಅದೇ ಕಲ್ಲನ್ನು ಹಿಡಿಯ ಹತ್ತಿರ ಕಟ್ಟಿ ಬೀಸಿರಿ. ಸುಲಭವಾಗುತ್ತದೆ. ಕುದುರೆಯ ಕಾಲೂ ಹಾಗೆಯೇ. ದಪ್ಪನೆಯ ಮಾಂಸವೆಲ್ಲ ಮೇಲೆ, ಹೆಗಲ ಬಳಿ ಇದೆ. ಮಣಿಕಟ್ಟಿನ ಕೆಳಗೆ ಮೂಳೆ, ಹುರಿಗಳು ಮತ್ತು ಚರ್ಮ ಮಾತ್ರ ಇವೆ. ಮೇಲಿನ ಮಾಂಸವು ಈ ಹುರಿಗಳ ಮೂಲಕ ಕಾಲನ್ನು ಎಳೆಯುತ್ತದೆ. ತುದಿ ಹಗುರವಾದುದರಿಂದ ಕುದುರೆಯು ಕಾಲನ್ನು ಬೇಗಬೇಗನೆ ಬೀಸಿ ಓಡಬಲ್ಲದು. ಮುಂದೋಳಿನ ಎರಡು ಮೂಳೆಗಳು ಬೆಸೆದುಕೊಂಡಿವೆ. ಆದುದರಿಂದ ಕಾಲು ಪಕ್ಕಕ್ಕೆ ತಿರುಚುವುದಿಲ್ಲ. ಹಿಂದೆ ಮುಂದೆ ಮಾತ್ರ ಆಡುತ್ತದೆ.

ನಮ್ಮ ಕೊರಳಿನ ಕೆಳಗೆ ಎದೆಯಿಂದ ಹೆಗಲಿಗೆ ಅಡ್ಡಲಾಗಿ ಒಂದು ಮೂಳೆ ಇದೆ. ಕುದುರೆಗೆ ಅದು ಇಲ್ಲ. ಅದರ ಮುಂಗಾಲುಗಳಿಗೂ ಎದೆಗೂ ನಡುವೆ ಮೂಳೆಯ ಕೀಲೇ ಇಲ್ಲ. ತೊಟ್ಟಿಲು ಹಗ್ಗಗಳಲ್ಲಿ ತೂಗುವಂತೆ ಕುದುರೆಯ ಎದೆಯು ಎರಡು ಕಾಲುಗಳ ನಡುವೆ ಮಾಂಸಖಂಡಗಳಲ್ಲಿ ತೂಗುತ್ತದೆ. ಓಡುವಾಗ ನೆಲದಿಂದ ಬರುವ ಪೆಟ್ಟನ್ನು ಈ ಮಾಂಸಖಂಡಗಳು ತಡೆದುಕೊಳ್ಳುತ್ತವೆ.

ಆದರೆ ಲಾಭದ ಜೊತೆಗೆ ಕಷ್ಟವೂ ಇದೆ. ಕುದುರೆಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ಅದನ್ನು ಎರಡು ಬೆರಳುಗಳು ಹೊರಬೇಕು. ಮಣಿಕಟ್ಟಿನ ಕೆಳಗೆ ಮಾಂಸವಿಲ್ಲದ ಕಾರಣ ಅಲ್ಲಿನ ಗಾಯ ಬೇಗ ಮಾಯುವುದಿಲ್ಲ. ಆ ಮೂಳೆ ಮುರಿದರೆ ಗುಣಪಡಿಸುವುದು ಬಲು ಕಷ್ಟ. ವಿಜಯನಗರದ ಅರಸರು ಹಡಗುಗಳಲ್ಲಿ ಬಂದ ಅರಬ್ಬೀ ಕುದುರೆಗಳನ್ನು ಬಹಳ ಹಣ ಕೊಟ್ಟು ಕೊಳ್ಳುತ್ತಿದ್ದರು. ಆದವಾನಿಯ ಕೋಟೆಯೂ ಆಗ ಅವರ ಕೈಯಲ್ಲಿತ್ತು. ಅಷ್ಟು ಬೆಲೆಯ ಕುದುರೆಯೂ ಕಾಲು ಕೆಟ್ಟರೆ ಯುದ್ಧಕ್ಕೆ ಬಾರದು.

ಎತ್ತು ಮತ್ತು ಮೇಕೆಯ ಎರಡು ಬೆರಳು

ಎತ್ತಿನ ಗೊರಸನ್ನು ನೋಡಿರಿ. ಅದು ಎರಡಾಗಿ ಸೀಳಿದೆ. ಅದು ಒಂದು ಉಗುರು ಸೀಳಿದ್ದಲ್ಲ. ಎರಡು ಬೆರಳುಗಳ ಎರಡು ಉಗುರುಗಳು. ನಡುಬೆರಳು ಒಂದು, ಉಂಗುರಬೆರಳು ಇನ್ನೊಂದು. ಎರಡರಲ್ಲಿಯೂ ಮೂರು ಮೂರು ಮೂಳೆಗಳಿವೆ. ಹಿಂದುಗಡೆ ಸ್ವಲ್ಪ ಮೇಲೆ ಎರಡು ಚಿಕ್ಕ ಗೊರಸುಗಳು ಕಾಣುತ್ತವೆ. ಅವು ಬೇರೆ ಎರಡು ಬೆರಳುಗಳ ಉಳಿಕೆ. ಗಟ್ಟಿ ನೆಲದಲ್ಲಿ ಅವು ನೆಲಕ್ಕೆ ತಾಗುವುದಿಲ್ಲ.

ಎತ್ತಿನ ಮಣಿಕಟ್ಟಿನಲ್ಲಿ 6 ಸಣ್ಣ ಮೂಳೆಗಳಿವೆ. ಅದರ ಕೆಳಗಿನ ಅಂಗೈ ಮೂಳೆ ನೋಡಲು ಒಂದೇ. ಆದರೆ ಅದರ ಮುಂಭಾಗದಲ್ಲಿ ಮೇಲಿನಿಂದ ಕೆಳಗೆ ಗೆರೆ ಎಳೆದಂತೆ ಒಂದು ಸಣ್ಣ ಕಾಲುವೆ ಇದೆ. ಅದರ ಕೆಳತುದಿ ಎರಡಾಗಿ ಕವಲೊಡೆದಿದೆ. ಕರು ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗ ಅಲ್ಲಿ ಎರಡು ಮೂಳೆಗಳಿರುತ್ತವೆ. ಆ ಮೇಲೆ ಅವು ಬೆಸೆದು ಒಂದಾಗುತ್ತವೆ. ಆ ಗೆರೆ ಬೆಸೆದ ಗುರುತು.

ಎಮ್ಮೆ, ಕುರಿ, ಮೇಕೆಗಳ ಕಾಲೂ ಇದೇ ಬಗೆಯದು. ಮಳೆ ಬಂದರೆ ನಮ್ಮ ಎರೆಭೂಮಿ ಅಂಟು ಕೆಸರಾಗುತ್ತದೆ. ಅಲ್ಲಿ ಕಾಲಿಟ್ಟಾಗ ಎತ್ತಿನ ಎರಡು ಬೆರಳುಗಳು ಅಗಲವಾಗಿ ಬಿಚ್ಚಿಕೊಳ್ಳುತ್ತವೆ. ಕಾಲೆತ್ತುವಾಗ ಕೂಡಿಕೊಳ್ಳುತ್ತವೆ. ಆದವಾನಿಯ ಕೋಟೆ ಬೆಟ್ಟದಂತಹ ಬಂಡೆಗಲ್ಲುಗಳ ಮೇಲೆ ಮೇಕೆ ಏರುವುದು ಎಲ್ಲರಿಗೂ ತಿಳಿದಿದೆ. ಎರಡು ಬೆರಳುಗಳಿಂದ ಅದು ಬಂಡೆಯ ಅಂಚನ್ನು ಹಿಡಿದಂತೆ ನಿಲ್ಲುತ್ತದೆ.

ಲಾಳ ಕಟ್ಟುವವರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ಕುದುರೆಯ ಗೊರಸಿಗೆ ಬಾಗಿದ ಒಂದೇ ಲಾಳ. ಎತ್ತಿನ ಕಾಲಿಗೆ ಎರಡು ಚಪ್ಪಟೆ ಲಾಳಗಳು, ಬೆರಳಿಗೊಂದರಂತೆ. ನಮ್ಮ ಉಗುರಿನ ತುದಿ ಕತ್ತರಿಸಿದರೆ ನೋವಾಗುವುದಿಲ್ಲ. ಬುಡಕ್ಕೆ ತಾಗಿದರೆ ರಕ್ತ ಬರುತ್ತದೆ. ಗೊರಸೂ ಹಾಗೆಯೇ. ಮೊಳೆ ಹೊರಗಿನ ಗಟ್ಟಿ ಭಾಗದಲ್ಲಿ ಮಾತ್ರ ಹೋಗಬೇಕು. ಒಳಗಿನ ಜೀವಂತ ಭಾಗಕ್ಕೆ ತಾಗಿದರೆ ಪ್ರಾಣಿ ಕುಂಟುತ್ತದೆ.

ಹಂದಿ, ನಾಯಿ, ಬೆಕ್ಕು

ಹಂದಿಯ ಮುಂಗಾಲಿನಲ್ಲಿ ನಾಲ್ಕು ಬೆರಳುಗಳಿವೆ. ನಡುವಿನ ಎರಡು ದೊಡ್ಡವು. ಅವು ಭಾರ ಹೊರುತ್ತವೆ. ಪಕ್ಕದ ಎರಡು ಚಿಕ್ಕವು. ಕೆಸರಿನಲ್ಲಿ ಮಾತ್ರ ಅವು ನೆಲಕ್ಕೆ ತಾಗುತ್ತವೆ. ಹಂದಿಗೆ ಹೆಬ್ಬೆರಳು ಇಲ್ಲ.

ನಾಯಿಯ ಮುಂಗಾಲಿನಲ್ಲಿ ನಮ್ಮಂತೆಯೇ ಐದು ಬೆರಳುಗಳಿವೆ. ನಾಲ್ಕು ನೆಲದ ಮೇಲೆ ಇವೆ. ಐದನೆಯದು ಒಳಪಕ್ಕದಲ್ಲಿ ಮೇಲೆ ಇದೆ. ಅದು ನಾಯಿಯ ಹೆಬ್ಬೆರಳು. ಅದರಲ್ಲಿ ನಮ್ಮ ಹೆಬ್ಬೆರಳಿನಂತೆ ಎರಡೇ ಮೂಳೆಗಳು! ನಾಯಿಯೂ ಬೆಕ್ಕೂ ಬೆರಳುಗಳ ಮೇಲೆ ನಡೆಯುತ್ತವೆ. ಕುದುರೆ, ಎತ್ತುಗಳಂತೆ ಉಗುರಿನ ಮೇಲೆ ನಡೆಯುವುದಿಲ್ಲ. ಬೆಕ್ಕಿನ ಮುಂದೋಳಿನ ಎರಡು ಮೂಳೆಗಳು ಬೇರೆ ಬೇರೆಯಾಗಿಯೇ ಇವೆ. ಅದಕ್ಕೇ ಅದು ಕಾಲನ್ನು ತಿರುಗಿಸಿ ಮುಖ ಒರೆಸಿಕೊಳ್ಳಬಲ್ಲದು. ಎತ್ತು ಹಾಗೆ ಮಾಡಲಾರದು.

ಕೋಳಿಗೆ ಮುಂಗಾಲೆಲ್ಲಿ ಎಂದು ನೀವು ಕೇಳಬಹುದು. ಅದರ ರೆಕ್ಕೆಯೇ ಮುಂಗಾಲು. ರೆಕ್ಕೆಯಲ್ಲಿ ಮೇಲ್ತೋಳಿನ ಒಂದು ಮೂಳೆ, ಮುಂದೋಳಿನ ಎರಡು ಮೂಳೆ, ತುದಿಯಲ್ಲಿ ಮೂರು ಬೆರಳುಗಳ ಉಳಿಕೆ ಇವೆ.

ಒಂದೇ ಸಾಲು ಏಕೆ?

ಓಡುವ ಕಾಲು, ಅಗೆಯುವ ಕಾಲು, ಹಾರುವ ರೆಕ್ಕೆ, ಬರೆಯುವ ಕೈ. ಕೆಲಸ ಬೇರೆ ಬೇರೆಯಾದರೂ ಮೂಳೆಗಳ ಸಾಲು ಒಂದೇ ಏಕೆ? ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿದನು. ಮನುಷ್ಯನ ಕೈ, ಕುದುರೆಯ ಕಾಲು, ಬಾವಲಿಯ ರೆಕ್ಕೆಗಳನ್ನು ಹೋಲಿಸಿದನು. ಇವೆಲ್ಲ ಬಹಳ ಹಿಂದಿನ ಒಂದೇ ಪೂರ್ವಜರಿಂದ ಬಂದುದರಿಂದ ಮೂಳೆಗಳ ಸಾಲು ಒಂದೇ ಆಗಿ ಉಳಿದಿದೆ ಎಂದು ವಿವರಿಸಿದನು.

ಕುದುರೆಯ ಹಳೆಯ ಪಳೆಯುಳಿಕೆಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. ಸುಮಾರು 5 ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ಕುದುರೆಯ ಪೂರ್ವಜ ಸಣ್ಣ ನಾಯಿಯಷ್ಟು ಇತ್ತು. ಅದರ ಮುಂಗಾಲಿನಲ್ಲಿ ನಾಲ್ಕು ಬೆರಳುಗಳಿದ್ದವು. ನಂತರ ಬಂದವುಗಳಲ್ಲಿ ಮೂರಾದವು. ಕೊನೆಗೆ ಒಂದು ಉಳಿಯಿತು. ಪಕ್ಕದ ಕಡ್ಡಿ ಮೂಳೆಗಳು ಆ ಕಥೆಯ ಗುರುತುಗಳು.

ಮೂಳೆ ಹೇಳುವ ಚರಿತ್ರೆ

ನಮ್ಮ ಕರ್ನೂಲು ಸೀಮೆಯಲ್ಲಿಯೂ ಇಂತಹ ಮೂಳೆಗಳು ಸಿಕ್ಕಿವೆ. ಬೇತಂಚೆರ್ಲದ ಹತ್ತಿರ ಬಿಲ್ಲಸುರ್ಗಂ ಎಂಬ ಗುಹೆಗಳಿವೆ. 2022ರಲ್ಲಿ ಜಿಲ್ಲೆ ಎರಡಾದ ಮೇಲೆ ಅವು ನಂದ್ಯಾಲ ಜಿಲ್ಲೆಗೆ ಸೇರಿವೆ. 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಅಲ್ಲಿ ಅಗೆಸಿದಾಗ ಅನೇಕ ಪ್ರಾಣಿಗಳ ಮೂಳೆಗಳು ದೊರೆತವು. ಅವುಗಳಲ್ಲಿ ಖಡ್ಗಮೃಗದ ಮೂಳೆಗಳೂ ಇದ್ದವು. 1886ರಲ್ಲಿ ರಿಚರ್ಡ್ ಲಿಡೆಕರ್ ಎಂಬ ವಿಜ್ಞಾನಿ ಆ ಖಡ್ಗಮೃಗಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟನು. ಈಗ ನಮ್ಮ ಕಡೆ ಖಡ್ಗಮೃಗವಿಲ್ಲ. ಒಂದು ಕಾಲದಲ್ಲಿ ಇತ್ತು ಎಂದು ಮೂಳೆಗಳು ಹೇಳಿದವು. ಖಡ್ಗಮೃಗದ ಕಾಲಿಗೆ ಮೂರು ಬೆರಳು. ನಡುಬೆರಳು ದೊಡ್ಡದು. ಅದು ಕುದುರೆಯ ದೂರದ ನೆಂಟ.

ಕೃಷ್ಣಾ ನದಿಯ ಆಚೆ, ಈಗಿನ ತೆಲಂಗಾಣದಲ್ಲಿ, ಉಟ್ನೂರು ಎಂಬ ಹಳ್ಳಿಯ ಬಳಿ ಒಂದು ಬೂದಿ ದಿಬ್ಬವಿದೆ. 1957ರಲ್ಲಿ ರೇಮಂಡ್ ಆಲ್ಚಿನ್ ಅವರು ಅದನ್ನು ಅಗೆದು ನೋಡಿದರು. ಅದು ಹೊಸ ಶಿಲಾಯುಗದ ಜನರು ದನ ಕೂಡುತ್ತಿದ್ದ ದೊಡ್ಡಿ ಎಂದು ತಿಳಿಯಿತು. ಅದರೊಳಗೆ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದೆಯೂ ನಮ್ಮ ಸೀಮೆಯ ಜನ ದನ ಸಾಕುತ್ತಿದ್ದರೆಂದು ಹೀಗೆ ಗೊತ್ತಾಯಿತು.

ಕಾಲಿನ ಕಾಳಜಿ

ಮೂಳೆಗಳನ್ನು ತಿಳಿದರೆ ಕಾಳಜಿ ಹೇಗೆಂಬುದೂ ತಿಳಿಯುತ್ತದೆ. ಕಾಲುಬಾಯಿ ರೋಗವು ದನ, ಎಮ್ಮೆ, ಕುರಿ, ಮೇಕೆ, ಹಂದಿಗಳಿಗೆ ಬರುತ್ತದೆ. ಇವೆಲ್ಲ ಸೀಳು ಗೊರಸಿನ ಪ್ರಾಣಿಗಳು. ಈ ರೋಗದಲ್ಲಿ ಬಾಯಿಯಲ್ಲಿಯೂ ಎರಡು ಬೆರಳುಗಳ ಸಂದಿಯಲ್ಲಿಯೂ ಹುಣ್ಣಾಗುತ್ತದೆ. ಕುದುರೆ, ಕತ್ತೆಗಳಿಗೆ ಇದು ಬರುವುದಿಲ್ಲ. ರೋಗ ಬರದಂತೆ ತಡೆಯಲು ಲಸಿಕೆ ಇದೆ. 2019ರಿಂದ ದೇಶದಾದ್ಯಂತ ಇದಕ್ಕಾಗಿ ದೊಡ್ಡ ಲಸಿಕೆ ಕಾರ್ಯಕ್ರಮ ಆರಂಭವಾಯಿತು. ಊರಿಗೆ ಪಶುವೈದ್ಯರು ಬಂದಾಗ ತಪ್ಪದೆ ಲಸಿಕೆ ಹಾಕಿಸಲು ಮನೆಯವರಿಗೆ ಹೇಳಿರಿ.

ದುಡಿಯುವ ಪ್ರಾಣಿಗಳ ಮೇಲೆ ಎಷ್ಟು ಭಾರ ಹೇರಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ 1965ರಲ್ಲಿ ನಿಯಮಗಳನ್ನು ಮಾಡಲಾಗಿದೆ. ಕತ್ತೆಯ ಬೆನ್ನಿನ ಮೇಲೆ 50 ಕಿಲೋಗ್ರಾಮಿಗಿಂತ ಹೆಚ್ಚು ಭಾರ ಹೇರಬಾರದು. ಯಾವ ಪ್ರಾಣಿಯನ್ನೂ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ದುಡಿಸಬಾರದು. ನಮ್ಮ ಬೇಸಿಗೆಯಲ್ಲಿ ಬಿಸಿಲು ಅದಕ್ಕಿಂತ ಹೆಚ್ಚಾಗಿರುತ್ತದೆ. ಆ ಹೊತ್ತಿನಲ್ಲಿ ಎತ್ತುಗಳಿಗೆ ನೆರಳೂ ನೀರೂ ಬೇಕು.

ಎತ್ತು ಅಥವಾ ಕುದುರೆ ಕುಂಟುತ್ತಿದ್ದರೆ ಹೊಡೆದು ನಡೆಸಬಾರದು. ಮೊದಲು ಗೊರಸನ್ನು ನೋಡಬೇಕು. ಮುಳ್ಳು, ಕಲ್ಲು, ಮೊಳೆ ಚುಚ್ಚಿರಬಹುದು. ಪಶುವೈದ್ಯರನ್ನು ಕರೆಯಬೇಕು. ಅದು ಸೋಮಾರಿತನದಿಂದ ನಿಂತಿಲ್ಲ. ಅದರ ಬೆರಳು ನೋಯುತ್ತಿದೆ. ಬೆರಳಿಗೆ ಮುಳ್ಳು ಚುಚ್ಚಿದಾಗ ನಮಗೆ ಆಗುವ ನೋವೇ ಅದಕ್ಕೂ ಆಗುತ್ತದೆ. ಆದರೆ ನಾವು ಆ ಬೆರಳನ್ನು ಬಿಟ್ಟು ಬೇರೆ ಬೆರಳಿನಿಂದ ಕೆಲಸ ಮಾಡಬಲ್ಲೆವು. ಕುದುರೆಯ ಕಾಲಿಗೆ ಇರುವುದು ಒಂದೇ ಬೆರಳು.

ಮಾಡಿ ನೋಡಿರಿ

1. ಅಂಗೈಯನ್ನು ಮೇಜಿನ ಮೇಲೆ ಊರಿರಿ. ಮಣಿಕಟ್ಟನ್ನೂ ಅಂಗೈಯನ್ನೂ ಮೇಲೆತ್ತಿ ನಾಲ್ಕು ಬೆರಳುಗಳ ಮೇಲೆ ನಿಲ್ಲಿಸಿರಿ. ಇದು ನಾಯಿಯ ಕಾಲು. ನಡುಬೆರಳು, ಉಂಗುರಬೆರಳುಗಳ ತುದಿಯ ಮೇಲೆ ನಿಲ್ಲಿಸಿರಿ. ಇದು ಎತ್ತಿನ ಕಾಲು. ನಡುಬೆರಳ ತುದಿಯೊಂದರ ಮೇಲೆ ನಿಲ್ಲಿಸಿರಿ. ಇದು ಯಾವ ಪ್ರಾಣಿಯ ಕಾಲು?

2. ಮಳೆ ಬಂದ ಮರುದಿನ ಊರ ದಾರಿಯಲ್ಲಿ ಕಾಣುವ ಹೆಜ್ಜೆ ಗುರುತುಗಳ ಚಿತ್ರ ಬರೆಯಿರಿ. ಯಾವುದು ಯಾವ ಪ್ರಾಣಿಯದು? ಎಷ್ಟು ಬೆರಳುಗಳು ಕಾಣುತ್ತವೆ?

3. ಕುದುರೆಯ ಮುಂಗಾಲಿನ ಮೊಣಕೈ ಎಲ್ಲಿದೆ? ಮಣಿಕಟ್ಟು ಎಲ್ಲಿದೆ?

4. ಎತ್ತಿನ ಕಾಲಿಗೆ ಎರಡು ಲಾಳ ಏಕೆ ಬೇಕು?

5. ನಿಮ್ಮ ಊರಿನಲ್ಲಿ ಎತ್ತು ಸಾಕಿದವರನ್ನು ಕೇಳಿ, ಅವರು ಎತ್ತಿನ ಕಾಲನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಐದು ವಾಕ್ಯಗಳಲ್ಲಿ ಬರೆಯಿರಿ.

ಎಚ್ಚರಿಕೆ: ಕುದುರೆ, ಕತ್ತೆಗಳ ಹಿಂದೆ ನಿಲ್ಲಬಾರದು. ರೋಗದಿಂದ ಸತ್ತ ಪ್ರಾಣಿಗಳ ಮೂಳೆಗಳನ್ನು ಮುಟ್ಟಬಾರದು.